ದೊಡ್ಡಪ್ಪನ ಕೀಟಪೆಟ್ಟಿಗೆಗಳು ಸಂಗ್ರಹಾಲಯ ಸೇರಿದ ಹದಿನೈದು ತಿಂಗಳು

2025ರ ಸೆಪ್ಟೆಂಬರ್ ಕೊನೆಯ ವಾರದಲ್ಲಿ ನಮ್ಮ ದೊಡ್ಡಪ್ಪನ ಕೀಟಪೆಟ್ಟಿಗೆಗಳು ಬೆಂಗಳೂರಿನ ಸಂಗ್ರಹಾಲಯವೊಂದರ ಬೀರು ಸೇರಿದವು. ಒಣಗಿದ ಕೀಟಗಳನ್ನು ಪಿನ್ನಿನಿಂದ ಚುಚ್ಚಿಟ್ಟ 34 ಮರದ ಪೆಟ್ಟಿಗೆ, ಕೀಟಗಳನ್ನು ಸ್ಪಿರಿಟ್‌ನಲ್ಲಿ ಮುಳುಗಿಸಿಟ್ಟ 212 ಸೀಸೆ, 14 ದಿನಚರಿ ಪುಸ್ತಕ. ದೊಡ್ಡಪ್ಪ ತೀರಿಕೊಂಡದ್ದು 2024ರ ಜೂನ್‌ನಲ್ಲಿ. ಆ ದಿನದಿಂದ ಪೆಟ್ಟಿಗೆಗಳು ಬೀರು ಸೇರುವವರೆಗೆ ಹದಿನೈದು ತಿಂಗಳು ಹಿಡಿಯಿತು. ಸರಿಯಾದ ದಾರಿ ಮೊದಲೇ ಗೊತ್ತಿದ್ದರೆ ಆರು ತಿಂಗಳಿಗೆ ಮುಗಿಯುತ್ತಿತ್ತು. ನಿವೃತ್ತ ಪ್ರಾಧ್ಯಾಪಕರು, ಕೃಷಿ ಅಧಿಕಾರಿಗಳು, ಹವ್ಯಾಸಕ್ಕಾಗಿ ಚಿಟ್ಟೆ ಹಿಡಿದವರು ಬಿಟ್ಟುಹೋದ ಇಂಥ ಪೆಟ್ಟಿಗೆಗಳು ಚಿತ್ರದುರ್ಗ, ದಾವಣಗೆರೆಯ ಇನ್ನೂ ಕೆಲವು ಮನೆಗಳ ಅಟ್ಟದ ಮೇಲಿವೆ ಎಂಬುದು ಈ ಓಡಾಟದಲ್ಲೇ ನನಗೆ ತಿಳಿಯಿತು. ಆ ಮನೆಗಳವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಶಿಕ್ಷಕಿ. ಕೀಟಶಾಸ್ತ್ರ ಓದಿದವಳಲ್ಲ. ದೊಡ್ಡಪ್ಪ 1967ರಲ್ಲಿ ಹೊರರಾಜ್ಯದ ಒಂದು ಸಂಗ್ರಹಾಲಯದ ಕೀಟ ವಿಭಾಗಕ್ಕೆ ಸಹಾಯಕರಾಗಿ ಸೇರಿ, 2000ದಲ್ಲಿ ವಿಜ್ಞಾನಿಯಾಗಿ ನಿವೃತ್ತರಾದರು. ಆ 33 ವರ್ಷಗಳಲ್ಲಿ ವರ್ಷಕ್ಕೆ ಮೂರು ನಾಲ್ಕು ತಿಂಗಳು ಅವರು ಮನೆಯಲ್ಲಿ ಇರುತ್ತಿರಲಿಲ್ಲ. ಮದ್ರಾಸಿನಿಂದ ಮೂರು ದಿನ ಹಡಗಿನಲ್ಲಿ ಕುಳಿತು ಪೋರ್ಟ್ ಬ್ಲೇರ್‌ಗೆ ಹೋಗುತ್ತಿದ್ದರು. ಜೈಸಲ್ಮೇರ್‌ನ ಮರಳಿನಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ದುಂಬಿಗಳ ಹೆಜ್ಜೆಗುರುತು ಹಿಂಬಾಲಿಸುತ್ತಿದ್ದರು. ಆಗುಂಬೆಯ ಮಳೆಯಲ್ಲಿ ಇಂಬಳ ಹತ್ತದಂತೆ ಕಾಲಿಗೆ ಹೊಗೆಸೊಪ್ಪಿನ ನೀರು ಹಚ್ಚಿಕೊಂಡು, ಛತ್ರಿಯನ್ನು ತಲೆಕೆಳಗಾಗಿ ಪೊದೆಯ ಬುಡಕ್ಕೆ ಹಿಡಿದು, ಕೋಲಿನಿಂದ ಪೊದೆಗೆ ಬಡಿಯುತ್ತಿದ್ದರು. ಎಲೆಗಳ ನಡುವೆ ಕುಳಿತ ಪುಟ್ಟ ಹುಳುಗಳೆಲ್ಲ ಛತ್ರಿಯೊಳಗೆ ಉದುರುತ್ತವೆ. ಒಳಬದಿಗೆ ಬಿಳಿ ಬಟ್ಟೆ ಹೊಲಿಸಿದ ಆ ಕಪ್ಪು ಛತ್ರಿಯ ವಿಷಯವನ್ನು ಮುಂದೆ ಹೇಳುತ್ತೇನೆ.

ನಿವೃತ್ತಿಯ ನಂತರ ಚಿತ್ರದುರ್ಗದಲ್ಲಿ, ಕೋಟೆಯ ಬುಡದ ಮನೆಯಲ್ಲಿ ನೆಲೆಸಿದರು. ಆದರೆ ಸುಮ್ಮನೆ ಕೂರಲಿಲ್ಲ. ಜೋಗಿಮಟ್ಟಿ ಕಾಡಿನಲ್ಲಿ ಎರಡು ಮರಗಳ ನಡುವೆ ತಮ್ಮದೇ ಬಿಳಿ ಪಂಚೆ ಕಟ್ಟಿ, ಹಿಂದೆ ಪೆಟ್ರೋಮ್ಯಾಕ್ಸ್ ದೀಪ ಇಟ್ಟು, ರಾತ್ರಿ ಹನ್ನೊಂದರವರೆಗೆ ಪತಂಗಗಳಿಗೆ ಕಾಯುತ್ತಿದ್ದರು. ಚಳ್ಳಕೆರೆಯ ಅಮೃತಮಹಲ್ ಕಾವಲಿನಲ್ಲಿ ಸಗಣಿ ಉಂಡೆ ಉರುಳಿಸುವ ದುಂಬಿಗಳನ್ನು ನೋಡುತ್ತ ಇಡೀ ದಿನ ಬಿಸಿಲಿನಲ್ಲಿ ಕುಳಿತದ್ದನ್ನು ನಾನೇ ಕಂಡಿದ್ದೇನೆ. ಆ ಕಾವಲಿನ ಬಹುಭಾಗವನ್ನು ಈಗ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಗಿದೆ. ಅಂದು ನಾವು ಕುಳಿತಿದ್ದ ಜಾಗ ಇಂದು ಬೇಲಿಯ ಆಚೆಗಿದೆ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮೇಲೆ ದೊಡ್ಡಮ್ಮ ಆ ಕೋಣೆಯ ಬೀಗ ತೆಗೆದು, "ಇವನ್ನೆಲ್ಲ ಏನು ಮಾಡುವುದು ಎಂದು ಅವರು ಹೇಳಲೇ ಇಲ್ಲ. ನೀನೇ ಒಂದು ದಾರಿ ನೋಡಮ್ಮ" ಎಂದರು. ನಾಫ್ತಲೀನ್ ಗುಳಿಗೆಯ ವಾಸನೆ ಕಣ್ಣಿಗೇ ಬಡಿಯಿತು. ಒಂದು ಪೆಟ್ಟಿಗೆಯ ಗಾಜಿನ ಮುಚ್ಚಳ ತೆರೆದೆ. ಸಾಲಾಗಿ ನಿಂತ ದುಂಬಿಗಳು, ಪ್ರತಿಯೊಂದರ ಬಲಗಡೆಯ ರೆಕ್ಕೆಗವಚದಲ್ಲಿ ಒಂದು ಪಿನ್, ಪಿನ್ನಿನ ಬುಡದಲ್ಲಿ ಬೆರಳುಗುರಿಗಿಂತ ಚಿಕ್ಕದಾದ ಚೀಟಿ. ನೋಡುತ್ತಿದ್ದಂತೆ ದೊಡ್ಡಮ್ಮ ಗಾಳಿ ಬರಲೆಂದು ಫ್ಯಾನ್ ಹಾಕಿದರು. ಒಣಗಿ ಹಗುರಾಗಿದ್ದ ಏಳೆಂಟು ಪತಂಗಗಳ ರೆಕ್ಕೆಗಳು ಕಿತ್ತು ಹಾರಿದವು. ಇದೇ ನನ್ನ ಮೊದಲ ಎಚ್ಚರಿಕೆ: ಹಳೆಯ ಕೀಟಪೆಟ್ಟಿಗೆಯನ್ನು ಫ್ಯಾನಿನಡಿ, ತೆರೆದ ಕಿಟಕಿಯ ಬಳಿ ಎಂದಿಗೂ ತೆರೆಯಬೇಡಿ.

ಎರಡನೆಯ ಎಚ್ಚರಿಕೆ ಪುಡಿಯ ಬಗ್ಗೆ. ಕೀಟದ ಕೆಳಗೆ ಕಂದು ಬಣ್ಣದ ಸಣ್ಣ ಪುಡಿ ಗುಡ್ಡೆಯಾಗಿ ಬಿದ್ದಿದ್ದರೆ ಅದು ಧೂಳಲ್ಲ. ಪೆಟ್ಟಿಗೆಯೊಳಗೆ ಸಂಗ್ರಹಾಲಯ ದುಂಬಿಯ ಮರಿಗಳಿವೆ ಎಂದರ್ಥ. ಎಳ್ಳಿನಷ್ಟು ದೊಡ್ಡದಾದ, ಮೈತುಂಬ ಕೂದಲಿರುವ ಮರಿ ಒಣ ಕೀಟದ ಒಡಲು ಹೊಕ್ಕು ಒಳಗಿನಿಂದಲೇ ತಿನ್ನುತ್ತದೆ. ದೊಡ್ಡಪ್ಪ ಕೊನೆಯ ಐದು ವರ್ಷ ಕಣ್ಣಿನ ಪೊರೆ, ಮಂಡಿ ನೋವುಗಳಿಂದ ಪೆಟ್ಟಿಗೆಗಳ ಕಡೆ ಹೋಗಿರಲಿಲ್ಲ. ಆ ಐದು ವರ್ಷದಲ್ಲಿ ಆರು ಪೆಟ್ಟಿಗೆಗಳಿಗೆ ಹುಳು ಹತ್ತಿತ್ತು. ಚಿತ್ರದುರ್ಗದ ಒಣಹವೆಯಿಂದಾಗಿ ಬೂಷ್ಟು ಮಾತ್ರ ಬಂದಿರಲಿಲ್ಲ.

ಹುಳು ಕೊಲ್ಲಲು ಔಷಧ ಸಿಂಪಡಿಸಬೇಡಿ. ಇಡೀ ಪೆಟ್ಟಿಗೆಯನ್ನು ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರ್‌ನಲ್ಲಿಡಬೇಕು. ಮೈನಸ್ 20 ಡಿಗ್ರಿಯಾದರೆ ಒಂದು ವಾರ ಸಾಕು, ಅಷ್ಟು ತಣ್ಣಗಾಗದ ಫ್ರೀಜರ್ ಆದರೆ ಎರಡು ವಾರ ಬೇಕು. ಹೊರತೆಗೆದ ಮೇಲೆ ಒಂದು ಹಗಲು ಒಂದು ರಾತ್ರಿ ಚೀಲವನ್ನು ಬಿಚ್ಚಬಾರದು. ಬಿಚ್ಚಿದರೆ ತಣ್ಣನೆಯ ಕೀಟದ ಮೇಲೆ ಹೊರಗಿನ ತೇವ ಹನಿಗಟ್ಟುತ್ತದೆ. ಮೊಟ್ಟೆಗಳು ಬದುಕಿ ಉಳಿದಿರಬಹುದಾದ್ದರಿಂದ ಇನ್ನೊಂದು ಸುತ್ತು ಇಡುವುದು ಕ್ಷೇಮ. ಮನೆಯ ಫ್ರಿಜ್ಜಿನಲ್ಲಿ ಒಂದು ಪೆಟ್ಟಿಗೆಯೂ ಹಿಡಿಸಲಿಲ್ಲ. ದಾವಣಗೆರೆಯಲ್ಲಿ ಐಸ್‌ಕ್ರೀಂ ಅಂಗಡಿ ಇಟ್ಟಿರುವ, ನನ್ನ ಹಳೆಯ ವಿದ್ಯಾರ್ಥಿಯ ತಂದೆ, ಮಳೆಗಾಲದಲ್ಲಿ ಖಾಲಿ ಬಿದ್ದಿದ್ದ ದೊಡ್ಡ ಫ್ರೀಜರ್ ಬಿಟ್ಟುಕೊಟ್ಟರು. ಬಾಡಿಗೆ ಮುಟ್ಟಲಿಲ್ಲ. ಕರೆಂಟಿನ ಬಾಬತ್ತು 900 ರೂಪಾಯಿಯನ್ನು ನಾನೇ ಒತ್ತಾಯ ಮಾಡಿ ಕೊಟ್ಟೆ. ನಾಲ್ಕು ನಾಲ್ಕು ಪೆಟ್ಟಿಗೆಯಂತೆ ಇಟ್ಟು ತೆಗೆಯುವಷ್ಟರಲ್ಲಿ ದೀಪಾವಳಿ ದಾಟಿತು.

ನಡುವೆ ನನ್ನಿಂದ ಒಂದು ತಪ್ಪಾಯಿತು. ಹತ್ತಿರದಲ್ಲೇ ಇರಲಿ, ಮಕ್ಕಳಿಗೆ ಉಪಯೋಗವಾಗಲಿ ಎಂದು ಎರಡು ಪೆಟ್ಟಿಗೆಗಳನ್ನು ಒಂದು ಕಾಲೇಜಿಗೆ ಕೊಟ್ಟೆ. ತಿಂಗಳ ನಂತರ ಹೋದರೆ ಅವು ವರಾಂಡದ ಬೆಂಚಿನ ಮೇಲಿದ್ದವು. ಒಂದರ ಗಾಜು ಒಡೆದಿತ್ತು. ಇರುವೆಗಳು ಸಾಲುಗಟ್ಟಿ ಒಳಹೋಗಿ ಬರುತ್ತಿದ್ದವು. ಅಂದು ಬಸ್ಸಿನಲ್ಲಿ ಆ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಬಂದಾಗ ಆದ ಸಂಕಟ ದೊಡ್ಡಪ್ಪ ಹೋದ ದಿನ ಆದದ್ದಕ್ಕಿಂತ ಕಡಿಮೆಯದಲ್ಲ. ಕೊಡುವ ಮುನ್ನ ಮೂರು ವಿಷಯ ಕೇಳಿ: ಮುಚ್ಚಳ ಬಿಗಿಯಾಗಿ ಕೂರುವ ಬೀರುಗಳಿವೆಯೇ, ವರ್ಷಕ್ಕೆ ಎಷ್ಟು ಸಲ ಪರೀಕ್ಷಿಸುತ್ತಾರೆ, ಅದಕ್ಕೆಂದೇ ಸಂಬಳದ ಒಬ್ಬರು ಇದ್ದಾರೆಯೇ. ಮೂರಕ್ಕೂ ಸರಿಯಾದ ಉತ್ತರ ಸಿಗದ ಕಡೆ ಕೊಡಬೇಡಿ.

ಹಾಗಾದರೆ ಎಲ್ಲಿ ಕೇಳಬೇಕು? 1916ರಲ್ಲಿ ಆರಂಭವಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಕೇಂದ್ರ ಕಚೇರಿ ಕೋಲ್ಕತ್ತದಲ್ಲಿದೆ, ಪುಣೆಯಲ್ಲಿ ಪ್ರಾದೇಶಿಕ ಕೇಂದ್ರವಿದೆ. ನಮಗೆ ಸಮೀಪದಲ್ಲಿ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆ ಇದೆ, ಜಿಕೆವಿಕೆ ಆವರಣದ ಕೃಷಿ ವಿಶ್ವವಿದ್ಯಾಲಯದಲ್ಲೂ ಕೀಟ ಸಂಗ್ರಹವಿದೆ. ಪ್ರತಿಯೊಂದರ ಆಸಕ್ತಿ ಬೇರೆ ಬೇರೆ. ಮೊದಲ ಪತ್ರದಲ್ಲೇ ನಾಲ್ಕು ಪೆಟ್ಟಿಗೆಗಳ ಸ್ಪಷ್ಟ ಫೋಟೋ, ಅಂದಾಜು ಸಂಖ್ಯೆ, ಯಾವ ವರ್ಷಗಳಲ್ಲಿ ಯಾವ ಊರುಗಳಲ್ಲಿ ಹಿಡಿದದ್ದು ಎಂಬುದನ್ನು ಬರೆಯಿರಿ. ನಾನು ಮೊದಲು ಬರೆದ ಪತ್ರದಲ್ಲಿ ದೊಡ್ಡಪ್ಪನ ಗುಣಗಾನವೇ ಎರಡು ಪುಟವಿತ್ತು. ಉತ್ತರ ಬರಲಿಲ್ಲ. ಎರಡನೆಯ ಸಲ ಫೋಟೋ ಮತ್ತು ಪಟ್ಟಿ ಮಾತ್ರ ಕಳಿಸಿದೆ. ಒಂಬತ್ತನೆಯ ದಿನ ಬೆಂಗಳೂರಿನ ಸಂಗ್ರಹಾಲಯದಿಂದ, ಅಲ್ಲಿನ ಸಂಗ್ರಹವನ್ನು ನೋಡಿಕೊಳ್ಳುವ ಕ್ಯುರೇಟರ್ ಮೇಡಂ ಫೋನ್ ಮಾಡಿದರು.

ಅವರು ಕೇಳಿದ ಮೊದಲ ಪ್ರಶ್ನೆ: "ಚೀಟಿಗಳೆಲ್ಲ ಇವೆಯಾ?" ಎರಡನೆಯದು: "ಇವು ಯಾರ ಸ್ವತ್ತು?"

ಎರಡನೆಯದನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಹೆಚ್ಚು ದಿನ ತಿಂದದ್ದು ಅದು. ಕೀಟಪೆಟ್ಟಿಗೆಯೂ ಆಸ್ತಿಯೇ. ವಾರಸುದಾರರೆಲ್ಲರೂ ಒಪ್ಪಿ ಸಹಿ ಹಾಕಿದ ದಾನಪತ್ರ ಬೇಕು. ಅದಕ್ಕೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಎಲ್ಲರ ಗುರುತಿನ ಚೀಟಿ, ಛಾಪಾ ಕಾಗದ, ನೋಟರಿ ಸಹಿ. ಮರಣ ಪ್ರಮಾಣಪತ್ರದ ಪ್ರತಿಗಳನ್ನು ಮೊದಲೇ ಹತ್ತು ತೆಗೆದಿಟ್ಟುಕೊಳ್ಳಿ. ವಂಶವೃಕ್ಷಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿದ ಮೇಲೆ ಸ್ಥಳ ಪರಿಶೀಲನೆ, ನೆರೆಹೊರೆಯವರ ಹೇಳಿಕೆ ಇರುತ್ತದೆ. ಆ ದಿನ ಮನೆಯಲ್ಲಿ ಯಾರಾದರೂ ಇರಲೇಬೇಕು. ನಮ್ಮಲ್ಲಿ ತಡವಾದದ್ದು ಅಣ್ಣನ ಒಪ್ಪಿಗೆಗೆ. ದೊಡ್ಡಪ್ಪನ ಹಿರಿಯ ಮಗ ಅಮೆರಿಕದಲ್ಲಿದ್ದಾನೆ. ಅವನು ಅಲ್ಲಿನ ಭಾರತೀಯ ದೂತಾವಾಸದಲ್ಲಿ ದೃಢೀಕರಿಸಿದ ಪತ್ರ ಕಳಿಸಬೇಕಾಯಿತು. ಐದು ವಾರ. ವಿದೇಶದಲ್ಲಿ ವಾರಸುದಾರರಿದ್ದರೆ ಈ ಕೆಲಸವನ್ನು ಎಲ್ಲಕ್ಕಿಂತ ಮೊದಲು ಶುರು ಮಾಡಿ.

ಇನ್ನೊಂದು ತೊಡಕನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಐದು ಪೆಟ್ಟಿಗೆಗಳಲ್ಲಿ ಅಂಡಮಾನ್, ಜೈಸಲ್ಮೇರ್, ನೀಲಗಿರಿಯ ಕೀಟಗಳಿದ್ದವು. ದೊಡ್ಡಪ್ಪ ಸರ್ಕಾರಿ ಕೆಲಸದ ಮೇಲೆ ಹೋಗಿ ಹಿಡಿದವು. "ಕರ್ತವ್ಯದಲ್ಲಿದ್ದಾಗ ಹಿಡಿದ ಕೀಟ ಅವರ ಸಂಸ್ಥೆಯದು. ಅದು ಮನೆಗೆ ಹೇಗೆ ಬಂತು ಎಂಬುದಕ್ಕೆ ದಾಖಲೆ ಬೇಕಮ್ಮ" ಎಂದರು ಕ್ಯುರೇಟರ್. ಎದೆ ಧಸಕ್ಕೆಂದಿತು. ಒಂದು ಕಾಗದವನ್ನೂ ಕಚೇರಿಯಿಂದ ಮನೆಗೆ ತಾರದ ಮನುಷ್ಯ ಅವರು. ಕಚೇರಿಯ ಪೆನ್ನಿನಲ್ಲಿ ನಮಗೆ ಪತ್ರ ಬರೆದವರಲ್ಲ. ದೊಡ್ಡಮ್ಮನಿಗೆ ಈ ಮಾತು ತಿಳಿಸಲು ನನಗೆ ಧೈರ್ಯವಾಗಲಿಲ್ಲ. ಅವರ ಹಳೆಯ ಸಂಸ್ಥೆಗೆ ಪತ್ರ ಬರೆದು ಎರಡು ತಿಂಗಳು ಕಾದೆ. ಉತ್ತರ ಬರುವ ಮೊದಲೇ ಟ್ರಂಕಿನ ತಳದಲ್ಲಿ ಒಂದು ರಟ್ಟಿನ ಫೈಲು ಸಿಕ್ಕಿತು. ಒಂದೇ ಜಾತಿಯ ಕೀಟಗಳು ಹೆಚ್ಚಾಗಿದ್ದಾಗ ಮಿಕ್ಕವನ್ನು ಬೇರೆ ಸಂಗ್ರಹಗಳೊಡನೆ ವಿನಿಮಯ ಮಾಡುವುದು, ಹೋಲಿಕೆಯ ಅಧ್ಯಯನಕ್ಕೆ ಕೊಡುವುದು ಈ ಕ್ಷೇತ್ರದ ರೂಢಿ. ಹಾಗೆ ಕೊಟ್ಟ ಪ್ರತಿಯೊಂದಕ್ಕೂ ಮೇಲಧಿಕಾರಿಯ ಸಹಿಯ ಪತ್ರ, ಸಂಖ್ಯೆ, ತಾರೀಕು ಆ ಫೈಲಿನಲ್ಲಿತ್ತು. ಅದನ್ನು ಓದಿ ನಾನು ನೆಲದ ಮೇಲೆಯೇ ಕುಳಿತು ಅತ್ತೆ. ಮನೆಯಲ್ಲಿ ಹಿರಿಯ ಸಂಗ್ರಾಹಕರು ಇನ್ನೂ ಬದುಕಿದ್ದರೆ ಇವತ್ತೇ ಹೋಗಿ ಕೇಳಿ: ಯಾವುದು ಎಲ್ಲಿಂದ ಬಂತು, ಕಾಗದ ಎಲ್ಲಿದೆ. ಅರಣ್ಯದಲ್ಲಿ ಹಿಡಿಯಲು ಪಡೆದ ಅನುಮತಿ ಪತ್ರಗಳೂ ಬೇಕಾಗುತ್ತವೆ. ಜೋಗಿಮಟ್ಟಿ ಈಗ ವನ್ಯಜೀವಿಧಾಮ. ಅದು ಮೀಸಲು ಅರಣ್ಯವಾಗಿದ್ದಾಗಿನ ಅನುಮತಿಗಳನ್ನು ದೊಡ್ಡಪ್ಪ ದಾರದಲ್ಲಿ ಪೋಣಿಸಿಟ್ಟಿದ್ದರು.

ಈಗ ಚೀಟಿಯ ವಿಷಯ. ಊರು, ತಾರೀಕು, ಹಿಡಿದವರ ಹೆಸರು ಇಲ್ಲದ ಕೀಟ ಎಷ್ಟೇ ಸುಂದರವಾಗಿರಲಿ, ಸಂಗ್ರಹಾಲಯಕ್ಕೆ ಬೇಡ. ಅದು ಯಾವ ಕಾಡಿನ ಸಾಕ್ಷಿಯೂ ಅಲ್ಲ. ನಮ್ಮಲ್ಲಿ 4,870 ಪಿನ್ನುಗಳಿದ್ದವು. ಅವುಗಳಲ್ಲಿ 611ಕ್ಕೆ ಚೀಟಿ ಇರಲಿಲ್ಲ. ಬೀಳಿಸಿದವು, ಪೆಟ್ಟಿಗೆ ಬದಲಿಸುವಾಗ ಕಳಚಿದವು, ನೋಡಲು ಬಂದವರು ಎತ್ತಿ ಬೇರೆಡೆ ಚುಚ್ಚಿದವು. ಇನ್ನು 138 ಪಿನ್ನುಗಳಲ್ಲಿ ಇದಕ್ಕೆ ತಿರುಗುಮುರುಗು: ಚೀಟಿ ಇತ್ತು, ಕೀಟವಿರಲಿಲ್ಲ. ಹುಳು ಇಡೀ ಮೈಯನ್ನು ತಿಂದು, ಬರಿಯ ಪಿನ್ನು, ಅದರ ಬುಡದಲ್ಲಿ ದೊಡ್ಡಪ್ಪನ ಮುದ್ದಾದ ಅಕ್ಷರ, ಸುತ್ತ ಒಂದು ಚಿಟಿಕೆ ಕಂದುಪುಡಿ. ಆ 138ನ್ನು ಎಣಿಸಿದ ದಿನ ನಾನು ಊಟ ಮಾಡಲಿಲ್ಲ.

ಉಳಿದವುಗಳ ಪಟ್ಟಿಯನ್ನು ಸಂಗ್ರಹಾಲಯ ಕೇಳಿದ ನಮೂನೆಯಲ್ಲಿ ಕಂಪ್ಯೂಟರ್‌ಗೆ ಇಳಿಸಬೇಕಿತ್ತು. ಒಂದು ಕೀಟಕ್ಕೆ ಒಂದು ಸಾಲು. ಭಾನುವಾರಗಳು, ದಸರೆ ರಜೆ, ಬೇಸಿಗೆ ರಜೆ, ಎಲ್ಲ ಅದಕ್ಕೇ ಹೋದವು. ಮಗಳು ಟೈಪ್ ಮಾಡಿದಳು, ನಾನು ಭೂತಗನ್ನಡಿ ಹಿಡಿದು ಓದಿದೆ. ತಿಂಗಳನ್ನು ರೋಮನ್ ಅಂಕಿಯಲ್ಲಿ ಬರೆಯುವುದು ಕೀಟದ ಚೀಟಿಗಳ ರೂಢಿ ಎಂದು ಮೊದಲು ತಿಳಿದಿರಲಿಲ್ಲ. ದಿನ ಯಾವುದು ತಿಂಗಳು ಯಾವುದು ಎಂದು ಮುಂದೆ ಯಾರೂ ಗೊಂದಲಕ್ಕೀಡಾಗದಿರಲಿ ಎಂದು ಆ ಪದ್ಧತಿ.

ಊರುಗಳದ್ದು ಬೇರೆಯೇ ಕಥೆ. 1997ರ ಆಗಸ್ಟ್‌ನಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಯಿತು. ಅದಕ್ಕೂ ಮುಂಚಿನ ಚೀಟಿಗಳಲ್ಲಿ ಹರಿಹರ, ಜಗಳೂರು, ಕೊಂಡಜ್ಜಿ ಎಲ್ಲವೂ ಚಿತ್ರದುರ್ಗ ಜಿಲ್ಲೆ. ಸೂಳೆಕೆರೆಯ ಚೀಟಿಯಲ್ಲಿ ಶಿವಮೊಗ್ಗ ಜಿಲ್ಲೆ, ಏಕೆಂದರೆ ಚನ್ನಗಿರಿ ಆಗ ಅಲ್ಲಿತ್ತು. ಹರಪನಹಳ್ಳಿಯಂತೂ ಮೊದಲು ಬಳ್ಳಾರಿ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ ಜಿಲ್ಲೆ. ಒಂದೇ ಗುಡ್ಡದಲ್ಲಿ ಹಿಡಿದ ಒಂದೇ ಜಾತಿಯ ದುಂಬಿ ಪಟ್ಟಿಯಲ್ಲಿ ಎರಡು ಜಿಲ್ಲೆಯದಾಗಿ ಕಾಣುತ್ತಿತ್ತು. ನಾನು ಶ್ರದ್ಧೆಯಿಂದ ಹೊಸ ಚೀಟಿ ಬರೆದು ಹಳೆಯದನ್ನು ತೆಗೆಯಲು ಹೊರಟಿದ್ದೆ. ಕ್ಯುರೇಟರ್ ಫೋನಿನಲ್ಲೇ ಕೂಗಿದರು, "ಮುಟ್ಟಬೇಡಿ! ಹಳೆಯ ಚೀಟಿ ತಪ್ಪಿದ್ದರೂ ಹಾಗೆಯೇ ಇರಬೇಕು. ಹೇಳುವುದಿದ್ದರೆ ಅದರ ಕೆಳಗೆ ಇನ್ನೊಂದು ಚುಚ್ಚಿ." ಮೂಲ ಚೀಟಿಯಲ್ಲಿ ಇದ್ದದ್ದು ಇದ್ದಂತೆ ಒಂದು ಅಂಕಣ, ಇವತ್ತಿನ ಜಿಲ್ಲೆ ತಾಲ್ಲೂಕು ಇನ್ನೊಂದು ಅಂಕಣ ಎಂದು ಪಟ್ಟಿಯನ್ನು ಮೊದಲಿನಿಂದ ಮಾಡಿದೆವು. ನೀವು ಶುರುವಿನಲ್ಲೇ ಹೀಗೆ ಮಾಡಿ, ಎರಡು ತಿಂಗಳು ಉಳಿಯುತ್ತದೆ. 'ಮಾರಿಕಣಿವೆ' ಎಂದಿದ್ದರೆ ವಾಣಿವಿಲಾಸ ಸಾಗರ ಎಂದು ಹಿರಿಯೂರಿನವರಿಗೆ ಗೊತ್ತು, ಕೋಲ್ಕತ್ತದಲ್ಲಿ ಕುಳಿತು ಓದುವವರಿಗೆ ಗೊತ್ತಿರುವುದಿಲ್ಲ.

ಚೀಟಿಯಲ್ಲಿ ಇಲ್ಲದ್ದು ದಿನಚರಿಗಳಲ್ಲಿತ್ತು. ಚಳ್ಳಕೆರೆಯ ಕಡೆ ಶೇಂಗಾ ಹೊಲಗಳಲ್ಲಿ ಮೊದಲ ಮಳೆಯಾದ ನಾಲ್ಕು ದಿನಕ್ಕೆ ಕೆಂಪು ತಲೆ ಕಂಬಳಿಹುಳುವಿನ ಪತಂಗಗಳು ನೆಲದಿಂದ ಎದ್ದದ್ದು, ರೈತರು ಬದುವಿನ ಮೇಲೆ ಬೆಂಕಿ ಹಾಕಿ ಅವನ್ನು ಸೆಳೆದು ಸುಟ್ಟದ್ದು, ದೊಡ್ಡಪ್ಪ ಆ ಬೆಂಕಿಯ ಪಕ್ಕ ನಿಂತು ಹತ್ತು ಪತಂಗಗಳನ್ನು ಆರಿಸಿಕೊಂಡದ್ದು, ಎಲ್ಲ ಕನ್ನಡದಲ್ಲಿ, ಗಂಟೆ ಸಮೇತ.

ಒಂದು ಮಿಡತೆಯ ಬಗ್ಗೆ ಹೇಳಲೇಬೇಕು. ಹತ್ತೊಂಬತ್ತನೆಯ ಪೆಟ್ಟಿಗೆಯ ಎಡತುದಿಯಲ್ಲಿತ್ತು. ಹಳದಿ ಮಿಶ್ರಿತ ಹಸಿರು ಮಾಸಿ ಒಣಹುಲ್ಲಿನ ಬಣ್ಣವಾಗಿತ್ತು. ದಪ್ಪ ತಲೆ, ಗಟ್ಟಿ ಹಿಂಗಾಲು. ಬೆನ್ನಿನ ಮೇಲೆ ರೆಕ್ಕೆ ಇರಬೇಕಾದಲ್ಲಿ ಕೇವಲ ಎರಡು ಪುಟ್ಟ ಚೂರು. ಚೀಟಿಯಲ್ಲಿ ಹಿರಿಯೂರು, 1988, ತಿಂಗಳು ರೋಮನ್ ಒಂಬತ್ತು, 'ಜೋಳದ ಹೊಲ'. ದಿನಚರಿ ತೆಗೆದರೆ ಆ ದಿನ ಎರಡು ಪುಟ ಬರೆದಿದ್ದರು. ಕಪ್ಪುನೆಲದ ಜೋಳಕ್ಕೆ ಬೀಳುವ, ಹಾರಲಾರದ ಈ ಮಿಡತೆಯನ್ನು ಮೈಸೂರು ಸರ್ಕಾರದ ಕೀಟತಜ್ಞರಾಗಿ 1908ರಲ್ಲಿ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿದರು. ಸ್ಪೇನಿನ ಕೀಟತಜ್ಞ ಇಗ್ನಾಸಿಯೊ ಬೊಲಿವಾರ್ 1910ರಲ್ಲಿ ಅದನ್ನು ಹೊಸ ಕುಲವೆಂದು (ಜೀನಸ್) ವರ್ಣಿಸಿ, ಕುಲಕ್ಕೆ ಕೋಲ್ಮನ್ನರ ಹೆಸರನ್ನೇ ಇಟ್ಟರು: ಕೋಲ್ಮೇನಿಯ ಸ್ಫೆನರಿಯಾಯ್ಡಿಸ್. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ಮಿಶ್ರಣ ಸಿಂಪಡಿಸುವುದನ್ನು ನಮ್ಮ ರೈತರಿಗೆ ಕಲಿಸಿದ ಅದೇ ಕೋಲ್ಮನ್. ನಾನು ಇದೇ ಜಿಲ್ಲೆಯಲ್ಲಿ ಹುಟ್ಟಿ, ವಿಜ್ಞಾನ ಓದಿ, ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ. ನಮ್ಮ ಜೋಳದ ಹೊಲದ ಮಿಡತೆಗೆ ಇಷ್ಟು ದೊಡ್ಡ ಕಥೆ ಇದೆ ಎಂದು ಒಬ್ಬರೂ ನನಗೆ ಹೇಳಿರಲಿಲ್ಲ. ಜನವರಿಯಲ್ಲಿ ದಿನಚರಿ ಹಿಡಿದು ಆ ಹೊಲ ಹುಡುಕಿಕೊಂಡು ಹೋದೆ. ಈಗ ಅಲ್ಲಿ ಮೆಕ್ಕೆಜೋಳದ ಕೂಳೆ ನಿಂತಿತ್ತು.

ಪಟ್ಟಿ ಕಳಿಸಿದ ಮೇಲೆ ಇನ್ನೊಂದು ಅಡ್ಡಿ ಬಂತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪರಿಶಿಷ್ಟಗಳಲ್ಲಿ ಹುಲಿ ಆನೆಗಳಷ್ಟೇ ಅಲ್ಲ, ಕೆಲವು ಚಿಟ್ಟೆ ದುಂಬಿಗಳೂ ಇವೆ. ನಮ್ಮ ಹಿತ್ತಿಲಲ್ಲಿ ಹಾರುವ, ಕೆಂಪು ಮೈಯ ಕ್ರಿಮ್ಸನ್ ರೋಸ್ ಚಿಟ್ಟೆಯೇ ಮೊದಲ ಪರಿಶಿಷ್ಟದಲ್ಲಿತ್ತು. 2022ರ ತಿದ್ದುಪಡಿಯಲ್ಲಿ ಪಟ್ಟಿಗಳನ್ನು ಹೊಸದಾಗಿ ಮಾಡಿದ್ದಾರೆ. ಹಾಗಾಗಿ ಹಳೆಯ ಪುಸ್ತಕ ನೋಡಿ ತೀರ್ಮಾನಿಸಬೇಡಿ. ಅಂಥ ಅನುಮಾನದ ಒಂಬತ್ತು ಚಿಟ್ಟೆಗಳನ್ನು ಬೇರೆ ಮಾಡಿ, ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಫೋಟೋ ಸಮೇತ ಅರ್ಜಿ ಬರೆದೆವು. ಒಪ್ಪಿಗೆ ಬರಲು ಏಳು ವಾರ. ಅಲ್ಲಿಯವರೆಗೆ ಆ ಪೆಟ್ಟಿಗೆಯನ್ನು ಮನೆಯಿಂದ ಹೊರಗೆ ಒಯ್ಯಲಿಲ್ಲ. ಕಾಯುವುದು ಬೇಸರವೇ, ಆದರೆ ಅನುಮತಿಯಿಲ್ಲದೆ ಸಾಗಿಸಿ ಸಿಕ್ಕಿಬಿದ್ದರೆ ಹೋಗುವುದು ಹೋದವರ ಮರ್ಯಾದೆ.

ಆ ಏಳು ವಾರವನ್ನು ದುರಸ್ತಿಗೆ ಬಳಸಿದೆವು. ಬಹಳ ಹಳೆಯ ಹಿತ್ತಾಳೆ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು, ಕೀಟದ ಎದೆ ಬಿರಿಯುತ್ತಿತ್ತು. ಗಾಜಿನ ಡಬ್ಬಿಯಲ್ಲಿ ಒದ್ದೆ ಮರಳು ಹಾಸಿ, ಬೂಷ್ಟು ಬಾರದಿರಲು ಎರಡು ಹನಿ ಕಾರ್ಬಾಲಿಕ್ ಆಮ್ಲ ಹಾಕಿ, ಮೇಲೆ ಜಾಲರಿಯಲ್ಲಿ ಕೀಟವನ್ನು ಎರಡು ದಿನ ಇಟ್ಟರೆ ಕಾಲುಗಳು ಮತ್ತೆ ಮೃದುವಾಗುತ್ತವೆ. ಆಗ ತುಕ್ಕು ಹಿಡಿಯದ ಉಕ್ಕಿನ ಪಿನ್ನಿಗೆ ಬದಲಿಸಬಹುದು. ಚಿಟ್ಟೆ ಪತಂಗಗಳಿಗೆ ಇದನ್ನು ನೀವಾಗಿ ಮಾಡಬೇಡಿ, ತೇವದಲ್ಲಿ ಬಣ್ಣ ಕೆಡುತ್ತದೆ. ಹೊಲಿಗೆಯ ಗುಂಡುಪಿನ್ನು ಉಪಯೋಗಿಸಲೇಬೇಡಿ. ತಳಕ್ಕೆ ಥರ್ಮೊಕೋಲ್ ಹಾಕಿದ ಪೆಟ್ಟಿಗೆಯಲ್ಲಿ ನಾಫ್ತಲೀನ್ ಗುಳಿಗೆ ಇಟ್ಟರೆ ಥರ್ಮೊಕೋಲ್ ಕರಗಿ ಅಂಟಾಗುತ್ತದೆ, ನಮ್ಮ ಎರಡು ಪೆಟ್ಟಿಗೆ ಹಾಗೆ ಕೆಟ್ಟಿದ್ದವು. ಸೀಸೆಗಳಿಗೆ ಹೊಸ ಸ್ಪಿರಿಟ್ ತುಂಬೋಣವೆಂದರೆ ಪರವಾನಗಿ ಇಲ್ಲದೆ ಯಾರೂ ಕೊಡಲಿಲ್ಲ. ಸಂಗ್ರಹಾಲಯದವರೇ ತುಂಬಿಕೊಳ್ಳುತ್ತೇವೆ ಎಂದರು. ಇದನ್ನು ಮೊದಲೇ ಕೇಳಿದ್ದರೆ ನಾಲ್ಕು ಅಂಗಡಿ ಅಲೆಯುವುದು ತಪ್ಪುತ್ತಿತ್ತು.

ಸಾಗಣೆಗೆ ಕೊರಿಯರ್ ನಂಬಬೇಡಿ. ಸ್ಪಿರಿಟ್ ಸೀಸೆಗಳನ್ನು ಅವರು ತೆಗೆದುಕೊಳ್ಳುವುದೂ ಇಲ್ಲ. ಭಾರದ ದುಂಬಿಗಳು ಪಿನ್ನಿನ ಮೇಲೆ ಗಿರಗಿರನೆ ತಿರುಗಿ ಪಕ್ಕದ ಕೀಟಗಳ ಕಾಲು ಮುರಿಯುತ್ತವೆ. ಅವುಗಳ ಎರಡೂ ಪಕ್ಕಕ್ಕೆ ಒಂದೊಂದು ಖಾಲಿ ಪಿನ್ ಚುಚ್ಚಿ ತಡೆ ಕೊಡಬೇಕು. ಪೆಟ್ಟಿಗೆಯನ್ನು ದೊಡ್ಡ ರಟ್ಟಿನ ಡಬ್ಬದಲ್ಲಿಟ್ಟು ಸುತ್ತಲೂ ನಾಲ್ಕು ಬೆರಳಿನಷ್ಟು ಸ್ಪಂಜು ತುಂಬಬೇಕು. ಸೀಟು ಮಡಚುವ ದೊಡ್ಡ ಕಾರು ಗೊತ್ತು ಮಾಡಿ, ಬೆಳಿಗ್ಗೆ ನಾಲ್ಕೂವರೆಗೆ ಚಿತ್ರದುರ್ಗ ಬಿಟ್ಟೆವು. ಬೆಂಗಳೂರಿಗೆ 200 ಕಿಲೋಮೀಟರ್. ಚಾಲಕರು ಪ್ರತಿ ಉಬ್ಬಿನಲ್ಲೂ ನಿಂತು ಇಳಿಸಿದರು. ಶಿರಾ ದಾಟುವವರೆಗೆ ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಮುಂದಿನ ಸೀಟಿನಲ್ಲಿ ಹತ್ತೊಂಬತ್ತನೆಯ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು.

ಖರ್ಚು ಕೇಳುವವರಿಗೆ: ಪ್ರಮಾಣಪತ್ರ, ಛಾಪಾ ಕಾಗದ, ನೋಟರಿಗೆ 1,150 ರೂಪಾಯಿ. ಪಿನ್ನು, ಹಾಸು, ರಾಸಾಯನಿಕಗಳಿಗೆ 6,200. ಫ್ರೀಜರ್ ಕರೆಂಟು 900. ಡಬ್ಬ, ಸ್ಪಂಜಿಗೆ 2,300. ಕಾರು, ಟೋಲ್ ಸೇರಿ 7,800. ನನ್ನ ಬಸ್ ಓಡಾಟಕ್ಕೆ 4,650. ಒಟ್ಟು 23,000. ಸಂಗ್ರಹಾಲಯ ಹಣ ಕೇಳುವುದೂ ಇಲ್ಲ, ಕೊಡುವುದೂ ಇಲ್ಲ.

ಅಲ್ಲಿ ಪೆಟ್ಟಿಗೆಗಳನ್ನು ಮತ್ತೆ ಫ್ರೀಜರ್ ಕೋಣೆಗೆ ಒಯ್ದರು. ನಾವು ಎಷ್ಟೇ ಮಾಡಿದ್ದರೂ ಹೊರಗಿನಿಂದ ಬಂದ ಪೆಟ್ಟಿಗೆ ನೇರವಾಗಿ ಬೀರಿಗೆ ಹೋಗುವಂತಿಲ್ಲ. ಹತ್ತೊಂಬತ್ತನೆಯದನ್ನು ಮಾತ್ರ ದೊಡ್ಡಮ್ಮನಿಗಾಗಿ ಒಂದು ನಿಮಿಷ ಮೇಜಿನ ಮೇಲೆ ತೆರೆದರು. ಕ್ಯುರೇಟರ್ ಚಿಮುಟದಿಂದ ಮಿಡತೆಯ ಪಿನ್ನು ಎತ್ತಿ, ದೊಡ್ಡಪ್ಪನ ಚೀಟಿಯ ಕೆಳಗೆ ಸಂಗ್ರಹಾಲಯದ ಸಂಖ್ಯೆಯಿದ್ದ ಹೊಸ ಚೀಟಿಯೊಂದನ್ನು ಚುಚ್ಚಿ, ಅದೇ ರಂಧ್ರಕ್ಕೆ ಮತ್ತೆ ಇಳಿಸಿದರು. "ಇವರ ಅಕ್ಷರ ನೋಡಿ, ಮೂವತ್ತೇಳು ವರ್ಷವಾದರೂ ಶಾಯಿ ಕದಡಿಲ್ಲ" ಎಂದರು. ಜೋಗಿಮಟ್ಟಿಯ ಎರಡು ಪುಟ್ಟ ನೆಲದುಂಬಿಗಳ ಪಕ್ಕ ದೊಡ್ಡಪ್ಪ ಕೆಂಪು ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಅವನ್ನು ಆ ಗುಂಪಿನ ತಜ್ಞರಿಗೆ ಕಳಿಸುತ್ತಾರಂತೆ. ಉತ್ತರಕ್ಕೆ ವರ್ಷಗಳಾಗಬಹುದು ಎಂದೂ ಹೇಳಿದರು. ಸ್ವೀಕೃತಿ ಪತ್ರದಲ್ಲಿ 4,121 ಕೀಟಗಳೆಂದು ಬರೆದು, ಸಂಗ್ರಾಹಕರ ಹೆಸರಿನ ಜಾಗದಲ್ಲಿ ದೊಡ್ಡಪ್ಪನ ಪೂರ್ತಿ ಹೆಸರು ಹಾಕಿದ್ದಾರೆ. ಈ ಪತ್ರ ಪಡೆಯದೆ ಹಿಂದಿರುಗಬೇಡಿ.

ಚೀಟಿಯಿಲ್ಲದ 611 ಕೀಟಗಳು ಈಗ ನನ್ನ ಶಾಲೆಯ ಪ್ರಯೋಗಾಲಯದಲ್ಲಿವೆ, ಬಿಗಿ ಮುಚ್ಚಳದ ಪೆಟ್ಟಿಗೆಗಳಲ್ಲಿ, ತಿಂಗಳಿಗೊಮ್ಮೆ ನಾನೇ ನೋಡುತ್ತೇನೆ. ಕೀಟವಿಲ್ಲದ 138 ಚೀಟಿಗಳನ್ನು ಎಸೆಯಲು ಮನಸ್ಸಾಗದೆ ಒಂದು ಲಕೋಟೆಯಲ್ಲಿ ಹಾಕಿಟ್ಟಿದ್ದೇನೆ.

ದೊಡ್ಡಪ್ಪನ ಬಲೆ, ಭೂತಗನ್ನಡಿ, ಪೆಟ್ರೋಮ್ಯಾಕ್ಸ್ ಎಲ್ಲವನ್ನೂ ಕೊಟ್ಟ ದೊಡ್ಡಮ್ಮ ಆ ಕಪ್ಪು ಛತ್ರಿಯನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಕಳೆದ ವಾರ ಹೋದಾಗ ಅದು ಜಗಲಿಯಲ್ಲಿ ಒಣಗಲು ಬಿಚ್ಚಿಟ್ಟಿತ್ತು. ಒಳಗಿನ ಬಿಳಿ ಬಟ್ಟೆಯ ಮೇಲೆ ಎಲೆಯ ರಸದ ಕಲೆಗಳು ಹಾಗೆಯೇ ಇದ್ದವು. ಒಂದು ಕಡ್ಡಿಯ ಸಂದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ ಹಸಿರು ತಿಗಣೆಯೊಂದು ಮಳೆಯಿಂದ ತಪ್ಪಿಸಿಕೊಂಡು ಕುಳಿತಿತ್ತು.